ದಸರಾ ರಜೆಗೆ ಗೋರ್ಖಾದ ಸ್ಕೂಲಿಗೆ ಬಣ್ಣ ಹೊಡೆಯೋಕೆ ಹೋಗಿದ್ದು

2023ರ ದಸರಾ ರಜೆಗೆ ಮೈಸೂರು ಕಡೆ ತಲೆ ಹಾಕದೆ ನೇಪಾಳದ ಗೋರ್ಖಾ ಜಿಲ್ಲೆಯ ಒಂದು ಹಳ್ಳಿ ಸ್ಕೂಲಿಗೆ ವಾಲಂಟಿಯರ್ ಆಗಿ ಹೋಗಿದ್ವಿ, ನಾನು ಮತ್ತೆ ನನ್ನ ಫ್ರೆಂಡು. ನೆಟ್ಟಲ್ಲಿ ನೇಪಾಳ, ವಾಲಂಟಿಯರ್ ಅಂತ ಹುಡುಕಿದ್ರೆ ಮೊದಲು ಬರೋದೆಲ್ಲ ಇಷ್ಟು ಡಾಲರ್ ಕಟ್ಟಿ ಅನಾಥಾಶ್ರಮದ ಮಕ್ಕಳ ಜೊತೆ ಎರಡು ವಾರ ಇದ್ದು ಬನ್ನಿ ಅನ್ನೋ ಪ್ಯಾಕೇಜುಗಳು. ಅದರ ತಂಟೆಗೆ ಮಾತ್ರ ಹೋಗ್ಬೇಡಿ. ಅಲ್ಲಿರೋ ಎಷ್ಟೋ ಮಕ್ಕಳಿಗೆ ಅಪ್ಪ ಅಮ್ಮ ಇರ್ತಾರೆ, ಓದಿಸ್ತೀವಿ ಅಂತ ಹಳ್ಳಿಯಿಂದ ಕರ್ಕೊಂಡು ಬಂದು ಫಾರಿನ್ನವರಿಗೆ ತೋರಿಸಿ ದುಡ್ಡು ಮಾಡೋ ದಂಧೆ, ಯುನಿಸೆಫ್‌ನವರೂ ಈ ಬಗ್ಗೆ ಎಚ್ಚರಿಕೆ ಕೊಟ್ಟಿದ್ದಾರೆ. ನಮ್ಮದು ಆ ಥರ ಏನಿಲ್ಲ, ಮುಂಚೆ ನಮ್ಮ ಆಫೀಸಲ್ಲಿದ್ದ ಒಬ್ಬ ನೇಪಾಳಿ ಹುಡುಗನ ಮಾವ ಅಲ್ಲಿ ಹೆಡ್ ಮಾಸ್ಟರು, ಫೋನಲ್ಲಿ ಮಾತಾಡಿದಾಗ ಅವರು ಕಡ್ಡಿ ಮುರಿದ ಹಾಗೆ ಹೇಳಿದ್ರು, ಹತ್ತು ದಿನ ಪಾಠ ಮಾಡಿ ಫೋಟೋ ತಕ್ಕೊಂಡು ಹೋಗೋರು ನಮಗೆ ಬೇಡ, ಗೋಡೆ ಉಜ್ಜಿ ಬಣ್ಣ ಹೊಡೀತೀರಾದ್ರೆ ಬನ್ನಿ, ಅದೂ ದಶೈಂ ರಜೇಲಿ ಬನ್ನಿ, ಕ್ಲಾಸ್‌ರೂಮು ಖಾಲಿ ಇರೋದು ಆವಾಗ್ಲೇ ಅಂತ. ದಶೈಂ ಅಂದ್ರೆ ಅವರ ದಸರಾ, ಘಟಸ್ಥಾಪನೆಯಿಂದ ಹುಣ್ಣಿಮೆವರೆಗೂ ಹದಿನೈದು ದಿನ ನಡೆಯುತ್ತೆ.

ಪಂಚಮಿ, ಕಠ್ಮಂಡು

ದೆಹಲಿ ಮೇಲೆ ಫ್ಲೈಟು. ನಮಗೆ ವೀಸಾ ಬೇಕಿಲ್ಲ, ಆದ್ರೆ ಆಧಾರ್ ನಡೆಯಲ್ಲ, ಪಾಸ್‌ಪೋರ್ಟು ಇಲ್ಲಾಂದ್ರೆ ಒರಿಜಿನಲ್ ವೋಟರ್ ಐಡಿ ಬೇಕೇ ಬೇಕು, ನಮ್ಮ ಕ್ಯೂನಲ್ಲೇ ಒಬ್ರು ಆಧಾರ್ ಹಿಡ್ಕೊಂಡು ಕೌಂಟರಲ್ಲಿ ಜಗಳ ಆಡ್ತಾ ನಿಂತಿದ್ರು. ಆಮೇಲೆ ನೂರರ ನೋಟಿನ ಕಟ್ಟು ಇಟ್ಕೊಂಡಿದ್ವಿ, ನಾವು ಹೋದಾಗ ಇಂಡಿಯಾದ ಐನೂರರ ನೋಟು ಅಲ್ಲಿ ಚಲಾವಣೆ ಇರಲಿಲ್ಲ. ನಮ್ಮ ನೂರಕ್ಕೆ ಅವರ ನೂರ ಅರವತ್ತು. ವಾಚು ಕಾಲು ಗಂಟೆ ಮುಂದೆ ತಿರುಗಿಸಿದ್ರೆ ಆಯ್ತು.

ಏರ್‌ಪೋರ್ಟಲ್ಲಿ ಬ್ಯಾಗ್ ಬರೋ ಜಾಗ ನೋಡ್ಬೇಕಿತ್ತು. ದುಬೈ, ದೋಹಾ, ಕೌಲಾಲಂಪುರ ಕಡೆಯಿಂದ ಹಬ್ಬಕ್ಕೆ ಬರ್ತಿರೋ ಹುಡುಗರು, ದೊಡ್ಡ ದೊಡ್ಡ ಟಿವಿ, ಕಂಬಳಿ, ಎಲ್ಲದಕ್ಕೂ ಹಳದಿ ಟೇಪು ಸುತ್ತಿ ಮೇಲೆ ಸ್ಕೆಚ್ ಪೆನ್ನಲ್ಲಿ ಊರ ಹೆಸರು. ದಶೈಂ ಬಂತು ಅಂದ್ರೆ ಕಠ್ಮಂಡು ಖಾಲಿ ಆಗುತ್ತೆ, ಊರೂರಿಗೆ ಹೋಗೋ ಜನ ಬಸ್ ಸ್ಟ್ಯಾಂಡಲ್ಲೇ ರಾತ್ರಿ ಕಳೀತಾರೆ. ಮಾರನೇ ದಿನದ ಟಿಕೆಟ್ಟು ಹೆಡ್ ಸರ್ ಅಳಿಯ ಮೊದಲೇ ಮಾಡ್ಸಿಟ್ಟಿದ್ದ, ಇಲ್ಲಾಂದ್ರೆ ನಮ್ಮ ಕಥೆ ಮುಗೀತಿತ್ತು.

ಸಂಜೆ ಪಶುಪತಿನಾಥಕ್ಕೆ ಹೋದ್ವಿ. ಅಲ್ಲಿ ಗರ್ಭಗುಡಿಯಲ್ಲಿ ಲಿಂಗ ಮುಟ್ಟಿ ಪೂಜೆ ಮಾಡೋ ಅಧಿಕಾರ ಇರೋದು ದಕ್ಷಿಣದಿಂದ, ಅದ್ರಲ್ಲೂ ನಮ್ಮ ಕರ್ನಾಟಕದಿಂದ ಹೋದ ಭಟ್ಟರಿಗೆ, ತಲೆತಲಾಂತರದಿಂದ ನಡ್ಕೊಂಡು ಬಂದಿರೋ ಪದ್ಧತಿ. ಹೂವಿನ ಅಂಗಡಿಯಾತ ಎಲ್ಲಿಂದ ಬಂದ್ರಿ ಅಂತ ಕೇಳಿ, ಬೆಂಗಳೂರು ಅಂದ ತಕ್ಷಣ ಓಹ್ ನಮ್ಮ ಭಟ್ಟರ ಕಡೆಯವರು ಅಂದ್ಬಿಟ್ಟ, ಹಂಗಂತ ಹೂವಿಗೆ ಒಂದು ರೂಪಾಯಿನೂ ಬಿಡಲಿಲ್ಲ. ಆರತಿ ಹೊತ್ತಲ್ಲಿ ಬಾಗಮತಿ ಈ ಕಡೆ ದಡದಲ್ಲಿ ಜನ ಚಪ್ಪಾಳೆ ತಟ್ಕೊಂಡು ಭಜನೆ ಹಾಡ್ತಿದ್ರು, ಎದುರಿಗೆ ಆರ್ಯಘಾಟಲ್ಲಿ ಒಂದು ಚಿತೆ ಉರೀತಾನೇ ಇತ್ತು, ಎರಡನ್ನೂ ಯಾರೂ ಬೇರೆ ಬೇರೆ ಅಂತ ಅಂದ್ಕೊಂಡ ಹಾಗೆ ಕಾಣಲಿಲ್ಲ.

ಷಷ್ಠಿ, ಧೂಳೋ ಧೂಳು

ಗೋಂಗಬು ಬಸ್ ಪಾರ್ಕಿಂದ ಬೆಳಗ್ಗೆ ಹೊರಟ ಬಸ್ಸು ನಾಗ್‌ಢುಂಗಾ ಇಳಿಜಾರಿಗೆ ಬರೋಷ್ಟರಲ್ಲೇ ನಿಂತುಹೋಯ್ತು. ಕಠ್ಮಂಡುಯಿಂದ ಪೋಖರಾಗೆ ಹೋಗೋ ಪೃಥ್ವಿ ಹೆದ್ದಾರಿ ಅಂತ ಹೆಸರು ಮಾತ್ರ ಗತ್ತಾಗಿದೆ, ನಾವು ಹೋದಾಗ ಎಷ್ಟೋ ಕಡೆ ಅಗೆದು ಹಾಕಿದ್ರು, ಮುಂದಿರೋ ಲಾರಿ ಹಿಂದೆ ಬರೆದಿರೋ ಶಾಯರಿ ಓದೋಕೆ ಆಗದಷ್ಟು ಧೂಳು. ಮಾಸ್ಕು ತಕ್ಕೊಂಡು ಹೋಗಿ, ಎಡಗಡೆ ಕಿಟಕಿ ಸೀಟು ಕೇಳಬೇಡಿ, ತ್ರಿಶೂಲಿ ನದಿ ಇರೋದು ಬಲಗಡೆ, ಕಠ್ಮಂಡುಯಿಂದ ಹೋಗೋವಾಗ ತುಂಬ ದೂರ ಜೊತೇಲೇ ಬರುತ್ತೆ. ಮಲೇಖುವಿನಲ್ಲಿ ಊಟ. ಅಲ್ಲಿ ಹೊಳೆ ಮೀನು ಫೇಮಸ್ಸು, ಕರಿದ ಪುಟ್ಟ ಮೀನುಗಳನ್ನ ಕಡ್ಡಿಗೆ ಚುಚ್ಚಿ ಸಾಲಾಗಿ ನಿಲ್ಲಿಸಿರ್ತಾರೆ, ಮುಳ್ಳು ಸಮೇತ ಕುರುಕುರು ತಿನ್ನೋದು. ದಾಲ್ ಭಾತ್ ಹೇಳಿದ್ರೆ ಅನ್ನ, ಬೇಳೆ, ಪಲ್ಯ ಕೇಳಿದಷ್ಟು ಹಾಕ್ತಾರೆ, ಸಾಕು ಅನ್ನೋಕೆ ಮುಂಚೆನೇ ತಟ್ಟೆಗೆ ಬಿದ್ದಿರುತ್ತೆ.

ಕುರಿನ್‌ತಾರ್ ಹತ್ರ ಮನಕಾಮನಾ ದೇವಿ ಬೆಟ್ಟಕ್ಕೆ ಹೋಗೋ ಕೇಬಲ್ ಕಾರು ಕಾಣುತ್ತೆ, 1998ರಲ್ಲಿ ಶುರುವಾಗಿದ್ದು. ಬಲಿಗೆ ಹೋಗೋ ಆಡುಗಳಿಗೂ ಅದರಲ್ಲಿ ಟಿಕೆಟ್ಟಿದೆ, ಒನ್ ವೇ. ಪಕ್ಕದ ಸೀಟಿನ ಅಜ್ಜ ಇದನ್ನ ಹೇಳಿ ಹೊಟ್ಟೆ ಹಿಡ್ಕೊಂಡು ನಕ್ಕ, ಎಷ್ಟು ಜನಕ್ಕೆ ಹೇಳಿರ್ತಾನೋ.

ಮುಗ್ಲಿಂಗ್ ದಾಟಿ ಆಬೂಖೈರೇನಿಯಲ್ಲಿ ಗೋರ್ಖಾ ಕಡೆ ತಿರುಗಿದ ಮೇಲೆ ರೋಡು ಚೆನ್ನಾಗಿದೆ, ಗಾಳಿ ತಣ್ಣಗೆ, ಗದ್ದೆಗಳಲ್ಲಿ ಭತ್ತ ಹಳದಿ ತಿರುಗಿತ್ತು. ಗೋರ್ಖಾ ಬಜಾರಲ್ಲಿ ಹೆಡ್ ಸರ್ ಕಾಯ್ತಾ ಇದ್ರು, ಐವತ್ತು ದಾಟಿದ ಸಣಕಲು ಮನುಷ್ಯ, ತಲೆ ಮೇಲೆ ಢಾಕಾ ಟೋಪಿ, ಕೈಯಲ್ಲಿ ಲಿಸ್ಟು. ನಾವು ಇನ್ನೂ ಬ್ಯಾಗ್ ಇಳಿಸ್ತಿದ್ವಿ, ಅವರು ಪೇಂಟ್ ಅಂಗಡಿಗೆ ನಡೆದೇಬಿಟ್ರು, ಸಪ್ತಮಿ ಆದ್ಮೇಲೆ ಅಂಗಡಿ ಬಾಗಿಲು ತೆಗೆಯಲ್ಲ ಈಗ್ಲೇ ತಗೋಬೇಕು ಅಂತ. ಕೆಳಗೆ ಸೊಂಟದೆತ್ತರದವರೆಗೂ ನೀಲಿ ಎನಾಮಲ್, ಮಕ್ಕಳ ಕೈ ಕಲೆ ಒರೆಸಿದ್ರೆ ಹೋಗ್ಲಿ ಅಂತ, ಮೇಲೆ ಕ್ರೀಮ್ ಡಿಸ್ಟೆಂಪರ್. ದುಡ್ಡು ನಮ್ಮದು, ಚೌಕಾಸಿ ಅವರದು. ನೀವೂ ಈ ಥರ ಹೋಗೋರಾದ್ರೆ ಸಾಮಾನು ಇಲ್ಲಿಂದ ಹೊತ್ಕೊಂಡು ಹೋಗ್ಬೇಡಿ, ಅಲ್ಲೇ ಹತ್ತಿರದ ಬಜಾರಲ್ಲಿ ಕೊಂಡ್ರೆ ಅಲ್ಲಿಯವರಿಗೂ ವ್ಯಾಪಾರ ಆಗುತ್ತೆ.

ಮುಂದಕ್ಕೆ ದರೌಂದಿ ನದಿ ಪಕ್ಕದ ಮಣ್ಣು ರೋಡಲ್ಲಿ ಬೊಲೆರೊ. ಒಳಗೆ ಹದಿಮೂರು ಜನ, ಮೇಲೆ ಕ್ಯಾರಿಯರಲ್ಲಿ ನಮ್ಮ ಬ್ಯಾಗು, ಪೇಂಟ್ ಡಬ್ಬಗಳು, ಮತ್ತೆ ಹಬ್ಬಕ್ಕೆ ಅಂತ ಇಪ್ಪತ್ತು ಸಾವಿರದ ಮೇಲೆ ಕೊಟ್ಟು ತಂದಿದ್ದ ಒಂದು ಬಿಳಿ ಆಡು. ಎರಡು ತೊರೆ ದಾಟಿ ಆದ್ಮೇಲೆ ಮುಂದಿನ ಗ್ಲಾಸ್ ಮೇಲೆ ನೀಲಿ ನೀರು ಇಳಿಯೋಕೆ ಶುರುವಾಯ್ತು. ನಿಲ್ಲಿಸಿ ಮೇಲೆ ಹತ್ತಿ ನೋಡಿದ್ರೆ ಒಂದು ಡಬ್ಬದ ಮುಚ್ಚಳ ಹಾರಿಹೋಗಿ ಆಡಿನ ಒಂದು ಪಕ್ಕ, ಒಂದು ಕಿವಿ ಪೂರ್ತಿ ನೀಲಿ! ಆಡು ಮಾತ್ರ ಆರಾಮಾಗಿ ನನ್ನ ಬ್ಯಾಗಿನ ದಾರ ಅಗೀತಾ ಇತ್ತು. ಆಡಿನ ಒಡೆಯ ಕತಾರಿಂದ ಬಂದ ಹುಡುಗ, ಮೊಣಕಾಲಲ್ಲಿ ಗಾಳಿ ಇಲ್ಲದವನ ಹಾಗೆ ರೋಡಲ್ಲೇ ಕೂತ, ನಮ್ಮಜ್ಜಿ ನನ್ನನ್ನೇ ಕಡೀತಾಳೆ ಅಂತ. ಬಲಿ ಕೊಡೋ ಪ್ರಾಣಿಗೆ ಊನ ಇರಬಾರದು ಅಲ್ವಾ, ಬಣ್ಣ ಊನವೋ ಅಲ್ಲವೋ ಅನ್ನೋದರ ಮೇಲೆ ಹದಿಮೂರು ಜನರಲ್ಲಿ ಎರಡು ಪಾರ್ಟಿ ಆಗೋಯ್ತು. ಡ್ರೈವರ್ ಸೀಮೆಎಣ್ಣೆ ಬಟ್ಟೆ ಕೊಟ್ಟ, ಉಜ್ಜಿದ್ವಿ, ಉಜ್ಜಿದಷ್ಟೂ ಹರಡಿತು. ಕೊನೆಗೆ ಸಿಗ್ನಲ್ ಸಿಗೋ ತಿರುವಲ್ಲಿ ನಿಲ್ಲಿಸಿ ಪೂಜಾರಿಗೆ ಫೋನ್ ಹಾಕಿ, ಕಿವಿ ಕೊಂಬು ಕಾಲು ನೆಟ್ಟಗಿದ್ರೆ ಸಾಕು ಅಂತ ಅವರು ಹೇಳಿದ ಮೇಲೆ ಗಾಡಿ ಮುಂದಕ್ಕೆ ಹೋಗಿದ್ದು.

ಸಪ್ತಮಿ, ಉಪ್ಪಿನ ಕಾಗದ

ಬೆಳಗ್ಗೆ ಎದ್ದು ಹೊರಗೆ ಬಂದ್ರೆ ಎದುರಿಗೆ ಬೌದ್ಧ ಹಿಮಾಲ್, ಅದರಾಚೆ ಹಿಮಾಲ್‌ಚುಲಿ, ಬರಿಗಣ್ಣಿಗೆ ಇಷ್ಟು ಹತ್ತಿರ. ಹತ್ತು ನಿಮಿಷ ನೋಡಿದ್ವಿ, ಆಮೇಲೆ ಮೋಡ ಬಂದು ಇಡೀ ದಿನ ಕಾಣಲಿಲ್ಲ. ಹಿಮಾಲಯ ನೋಡೋರು ಆರು ಗಂಟೆಗೆ ಏಳಿ, ಅಷ್ಟೆ.

ಈ ಕಡೆಯ ಬಾರ್‌ಪಾಕ್ ಅನ್ನೋ ಊರೇ 2015ರ ಏಪ್ರಿಲ್ 25ರ ಭೂಕಂಪದ ಕೇಂದ್ರ, 7.8ರದ್ದು, ನೇಪಾಳದಲ್ಲಿ ಸುಮಾರು ಒಂಬತ್ತು ಸಾವಿರ ಜನ ಹೋದ್ರು. ಅವತ್ತು ಶನಿವಾರ, ನೇಪಾಳದಲ್ಲಿ ವಾರದ ರಜೆ ಶನಿವಾರವೇ, ಸ್ಕೂಲು ನಡೀತಿದ್ದಿದ್ರೆ ಅಂತ ಹೆಡ್ ಸರ್ ಶುರು ಮಾಡಿದ ವಾಕ್ಯನ ಮುಗಿಸಲಿಲ್ಲ. ಹಳೇ ಕಲ್ಲಿನ ಸ್ಕೂಲು ಪೂರ್ತಿ ಕೂತುಹೋಗಿತ್ತಂತೆ. ಈಗಿರೋದು ಆಮೇಲೆ ಕಟ್ಟಿದ್ದು, ಗೋಡೆ ಮಧ್ಯೆ ಕಾಂಕ್ರೀಟ್ ಪಟ್ಟಿ, ಮೇಲೆ ಹಗುರ ತಗಡು. ಊರಿನ ಮನೆಗಳೂ ಅಷ್ಟೆ, ಸರ್ಕಾರ ಮೂರು ಕಂತಲ್ಲಿ ಕೊಟ್ಟ ಮೂರು ಲಕ್ಷಕ್ಕೆ ಎಷ್ಟಾಗುತ್ತೋ ಅಷ್ಟು ದೊಡ್ಡವು, ಒಂದೋ ಎರಡೋ ರೂಮು, ಪಕ್ಕದಲ್ಲೇ ಹಳೇ ಮನೆಯ ಕಲ್ಲುಗಳ ಗುಡ್ಡೆ, ಅದರ ಮೇಲೆ ಕುಂಬಳ ಬಳ್ಳಿ.

ಕೆಲಸ ಅಂದ್ರೆ ಬಣ್ಣ ಹೊಡೆಯೋದಲ್ಲ, ಹಳೇ ಬಣ್ಣ ಕೆರೆಯೋದು. ಮಳೆಗಾಲದ ತೇವಕ್ಕೆ ಗೋಡೆ ಚಕ್ಕೆ ಚಕ್ಕೆ ಎದ್ದಿತ್ತು, ಪಟ್ಟಿ ಹಿಡಿದು ಕೆರೆದು ಉಪ್ಪಿನ ಕಾಗದದಲ್ಲಿ ಉಜ್ಜಿ ಒದ್ದೆ ಬಟ್ಟೇಲಿ ಒರೆಸಿ ಒಣಗೋಕೆ ಬಿಡಬೇಕು, ಅದು ಬಿಟ್ಟು ಮೇಲೆ ಮೇಲೆ ಬಳಿದ್ರೆ ಮುಂದಿನ ಜೂನ್‌ಗೆ ಮತ್ತೆ ಅದೇ ಗತಿ. ಮಧ್ಯಾಹ್ನದ ಹೊತ್ತಿಗೆ ಇಬ್ಬರ ಹುಬ್ಬು ರೆಪ್ಪೆ ಬಿಳಿ. ರಸ್ತೇಲಿ ಹೋಗೋರೆಲ್ಲ ನಿಂತು ನೋಡೋರು, ಹಬ್ಬದ ದಿನ ಯಾರಾದ್ರೂ ಕೆಲಸ ಮಾಡ್ತಾರಾ ಅಂತ. ಸಪ್ತಮಿ ಅಂದ್ರೆ ಫೂಲ್‌ಪಾತಿ, ಗೋರ್ಖಾ ಅರಮನೆಯಿಂದ ಹೂವು ಎಲೆಗಳ ಪಲ್ಲಕ್ಕಿ ಕಠ್ಮಂಡುವಿನ ಹನುಮಾನ್ ಢೋಕಾ ಅರಮನೆಗೆ ಹೋಗೋ ಪದ್ಧತಿ ಶಾಹ ರಾಜರ ಕಾಲದ್ದು, ರಾಜರು ಹೋದ್ರೂ ಪಲ್ಲಕ್ಕಿ ನಿಂತಿಲ್ಲ.

ರಾತ್ರಿ ಅಡುಗೆಮನೆಯಲ್ಲಿ ಒಂದು ತಮಾಷೆ ಆಯ್ತು. ಹೆಡ್ ಸರ್ ಮನೆಯವರು ನಮಗೆ ಅನ್ನ ಬಡಿಸಿ ತಮಗೆ ಅಂತ ಒಲೆ ಮೇಲೆ ಏನೋ ತಿರುವ್ತಾ ಇದ್ರು, ಕಂದು ಬಣ್ಣ, ವಾಸನೆ ಮೂಗಿಗೆ ಬಡಿದಿದ್ದೇ ಇಬ್ರೂ ಎದ್ದು ನಿಂತ್ವಿ. ರಾಗಿ! ಅವರು ಕೋದೋ ಅಂತಾರೆ, ಮಾಡಿದ್ದು ಢಿಂಡೋ, ನಮ್ಮ ಮುದ್ದೇನೇ, ಸ್ವಲ್ಪ ಮೆತ್ತಗೆ. ಹಬ್ಬದಲ್ಲಿ ಅತಿಥಿಗೆ ಇದನ್ನ ಬಡಿಸಿದ್ರೆ ಮಾನ ಹೋಗುತ್ತೆ ಅಂತ ಅವರು, ಅನ್ನ ವಾಪಸ್ ತಗೊಳ್ಳಿ ಅದನ್ನ ಹಾಕಿ ಅಂತ ನಾವು. ಫ್ರೆಂಡು ಮಂಡ್ಯದವನು, ಕೈಗೆ ನೀರು ಹಚ್ಚಿ ತಟ್ಟೆ ಮೇಲೆ ಉರುಳಿಸಿ ಉಂಡೆ ಕಟ್ಟಿ ತೋರಿಸಿದ, ಮನೆ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನಗು. ಗುಂದ್ರುಕ್ ಅಂತ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರು, ಅದರಲ್ಲಿ ಅದ್ದಿ ಅಗಿಯದೆ ನುಂಗಿದ್ವಿ. ಅಗಿಯಬಾರದು ಅಂತ ಅವರಿಗೂ ಗೊತ್ತು.

ಅಷ್ಟಮಿ

ಅಕ್ಟೋಬರ್ 22, ಭಾನುವಾರ, ಬೆಳಗ್ಗೆ ಏಳೂ ಮುಕ್ಕಾಲು ಆಗಿರಲಿಲ್ಲ. ಅಂಗಳದಲ್ಲಿ ಚಹಾ ಲೋಟ ಹಿಡ್ಕೊಂಡು ಕೂತಿದ್ದೆ. ಮೊದಲು ಕೋಳಿಗಳು, ಆಮೇಲೆ ತಗಡು ಒಂದೇ ಸಮ ಗಡಗಡ ಅನ್ನೋಕೆ ಶುರು, ಲಾರಿ ಬಂತೇನೋ ಅಂದ್ಕೊಂಡೆ, ಲಾರಿ ಬರೋಕೆ ಅಲ್ಲಿ ರೋಡೇ ಇಲ್ಲ. ಲೋಟದಲ್ಲಿ ಚಹಾ ಒಂದು ಪಕ್ಕಕ್ಕೆ ಹೋಗಿ ಚೆಲ್ಲಿತು. ಒಳಗಿಂದ ಯಾರೋ ಭುಯಿಂಚಾಲೋ, ಅಂದ್ರೆ ಭೂಕಂಪ, ಅಂತ ಕಿರುಚಿದ್ದು ಕೇಳ್ತು, ಹೆಡ್ ಸರ್ ತಾಯಿ, ಎಪ್ಪತ್ತರ ಮೇಲಿನ ಅಜ್ಜಿ, ನನ್ನ ಕಾಲರ್ ಹಿಡಿದು ಎಳ್ಕೊಂಡು ಹೋಗಿ ಗದ್ದೆ ಬದು ಮೇಲೆ ಕೂರಿಸಿದ್ರು. ನಿಜ ಹೇಳ್ತೀನಿ ಅಷ್ಟು ಹೊತ್ತಾದ್ರೂ ನನ್ನ ಕಾಲು ಏಳೋಣ ಅಂತ ಯೋಚನೆ ಮಾಡಿರಲಿಲ್ಲ.

ನಿಂತ ಮೇಲೆ ಊರಲ್ಲಿ ಎರಡು ನಿಮಿಷ ಬರೀ ಹೆಸರು ಕೂಗೋದು, ಮೇಲಿನ ಓಣಿಯಿಂದ ಕೆಳಗೆ, ಕೆಳಗಿಂದ ಮೇಲೆ, ಓ ಅಂದ್ರೆ ಇದ್ದಾರೆ ಅಂತ ಲೆಕ್ಕ. ಎಲ್ಲರೂ ಇದ್ರು. ಪಕ್ಕದ ಧಾದಿಂಗ್ ಜಿಲ್ಲೆಯಲ್ಲಿ ಕೇಂದ್ರ, 6.1 ಅಂತ ನೇಪಾಳದ ಭೂಕಂಪ ಕಚೇರಿ ಹೇಳ್ತು, ಅಲ್ಲಿ ತುಂಬ ಮನೆಗೆ ಪೆಟ್ಟಾಗಿತ್ತು. ಇಡೀ ದಿನ ಸಣ್ಣ ಸಣ್ಣದು ಬರ್ತಾನೇ ಇತ್ತು, ಪ್ರತಿ ಸಲವೂ ಎಲ್ಲರ ಮಾತು ಅರ್ಧಕ್ಕೆ ನಿಲ್ಲೋದು, ತಗಡಿನ ಕಡೆ ನೋಡಿ ಮತ್ತೆ ಅದೇ ಮಾತು ಮುಂದುವರಿಸೋರು. ನಾನು ಮನೆಗೆ ಫೋನ್ ಮಾಡಿ, ಟಿವೀಲಿ ಬರೋಕೆ ಮುಂಚೆ ನಾನೇ ಹೇಳ್ತಿದ್ದೀನಿ ಚೆನ್ನಾಗಿದ್ದೀವಿ ಅಂತ ಹೇಳಿದೆ, ಅದೊಂದು ಬುದ್ಧಿವಂತ ಕೆಲಸ ಆಯ್ತು.

ಹೆಡ್ ಸರ್ ಚಪ್ಪಲಿ ಕೂಡ ಹಾಕದೆ ಸ್ಕೂಲಿಗೆ ಹೊರಟ್ರು, ಹಿಂದೆ ನಾವು. ನಾಲ್ಕನೇ ಕ್ಲಾಸಿನ ಮೂಲೆಯಲ್ಲಿ, ಕಿಟಕಿ ಕೆಳಗಿಂದ ಓರೆಯಾಗಿ ಒಂದು ಕೂದಲೆಳೆ ಬಿರುಕು. ಅದನ್ನ ಹಿಂದಿನ ದಿನ ನಾನೇ ಉಜ್ಜಿ ಲಾಂಬಿ, ಅಂದ್ರೆ ಗೋಡೆಗೆ ಹಾಕೋ ಪುಟ್ಟಿ, ತುಂಬಿ ಮುಚ್ಚಿದ್ದೆ, ನೀಟಾಗಿ ಬಂದಿತ್ತು. ಲಾಂಬಿ ಸೀಳಿ ಬಿರುಕು ಮತ್ತೆ ಕಾಣಿಸ್ತಿತ್ತು. ಅವರು ಜೇಬಿಂದ ಪೆನ್ಸಿಲ್ ತೆಗೆದು ಬಿರುಕಿನ ಎರಡೂ ತುದಿಗೆ ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ತಾರೀಕು ಬರೆದ್ರು, ಅವರ ವಿಕ್ರಮ ಸಂವತ್ ಲೆಕ್ಕದಲ್ಲಿ 2080, ಕಾರ್ತಿಕ 5. ಆಮೇಲೆ ಹತ್ರ ಬಗ್ಗಿ ನೋಡಿದ್ರೆ ಲಾಂಬಿ ಉದುರಿದ ಕಡೆ ಇನ್ನೂ ಹಳೇ ಗೆರೆಗಳು, ಹಳೇ ತಾರೀಕುಗಳು ಅರ್ಧಂಬರ್ಧ ಕಾಣ್ತಿದ್ವು. ಎರಡು ಬೆರಳು ಇಟ್ಟು ಅಳೆದು, ಹಳೇ ಗೆರೆ ದಾಟಿಲ್ಲ, ಗಾರೆ ಬಿರುಕು, ಗೋಡೆದಲ್ಲ ಅಂದ್ರು. ಇಂಜಿನಿಯರ್ ಬರೋವರೆಗೆ ಆ ರೂಮಿಗೆ ಬೀಗ. ಈ ಮೂಲೆಗೆ ಮಾತ್ರ ಬಣ್ಣ ಬೇಡ, ಇದು ನನಗೆ ಕಾಣ್ತಾ ಇರಬೇಕು ಅಂದ್ರು. ಫ್ರೆಂಡು ಅಲ್ಲಿಂದಲೇ ಒಂದು ಮೊಳ ಅಗಲ ಬಿಟ್ಟು ಟೇಪ್ ಅಂಟಿಸಿದ. ಗೋಡೆ ಅಂದ ಮೇಲೆ ಪೂರ್ತಿ ಬಳಿದ್ರೇನೇ ಚಂದ ಅನ್ನೋ ನನ್ನ ಐಡಿಯಾ ಎಲ್ಲ ಅಲ್ಲಿಗೆ ನಿಂತೋಯ್ತು, ವಾಲಂಟಿಯರ್ ಗ್ರೂಪುಗಳು ಫೋಟೋಗೆ ಅಂತ ಬಳಿದು ಹೋದ ಗೋಡೆಗಳ ಒಳಗೆ ಏನೇನು ಮುಚ್ಚಿಹೋಗಿದೆಯೋ ಯಾರಿಗೆ ಗೊತ್ತು.

ಅವತ್ತು ರಾತ್ರಿ ಅರ್ಧ ಊರು ಅಂಗಳದಲ್ಲೇ ಮಲಗ್ತು. ಬೆಚ್ಚಗಿನ ಜಾಕೆಟ್ ಒಯ್ದಿದ್ದು ಸಾರ್ಥಕ.

ನವಮಿ

ಭೂಮಿ ನಡುಗ್ತು ಅಂತ ಹಬ್ಬ ನಿಲ್ಲಲ್ಲ. ನಮ್ಮಲ್ಲಿ ಅವತ್ತು ಆಯುಧಪೂಜೆ, ಅಲ್ಲೂ ಗಾಡಿ, ಕತ್ತಿ, ಹಾರೆ, ಹೊಲಿಗೆ ಮಷೀನು ಎಲ್ಲದಕ್ಕೂ ಪೂಜೆ, ನಾವು ಕುಂಬಳಕಾಯಿಗೆ ಕುಂಕುಮ ತುಂಬಿ ಒಡೀತೀವಿ, ಅಲ್ಲಿ ನಿಜವಾದ ರಕ್ತದಲ್ಲೇ ಬೊಲೆರೊಗೆ ಬೊಟ್ಟು. ಬಲಿ ಕೊಡದ ಮನೆಯವರು ಕುಭಿಂಡೋ ಕಡೀತಾರೆ, ನೋಡಿದ್ರೆ ನಮ್ಮ ಬೂದುಗುಂಬಳ. ಪೇಂಟ್ ಬ್ರಶ್ಶು, ರೋಲರ್ರು, ಏಣಿಗೂ ಟೀಕಾ ಇಡಿಸಿದ ಹೆಡ್ ಸರ್, ಇವತ್ತು ಆಯುಧ ಮುಟ್ಟೋ ಹಾಗಿಲ್ಲ ಅಂತ ನಮಗೆ ರಜೆ ಕೊಟ್ರು.

ನೀಲಿ ಆಡಿನ ವಿಚಾರ ಅಷ್ಟು ಹೊತ್ತಿಗೆ ಊರಿಗೆಲ್ಲ ಹಬ್ಬಿತ್ತು. ನಮ್ಮ ಕಡೆ ಮಾರಿಹಬ್ಬದಲ್ಲಿ ಮಾಡೋ ಹಾಗೇನೇ ತಲೆ ಮೇಲೆ ನೀರು ಹಾಕ್ತಾರೆ, ಮೈ ಕೊಡವಿದ್ರೆ ದೇವಿ ಒಪ್ಪಿದಳು ಅಂತ. ಇದು ಕೊಡವಲಿಲ್ಲ. ಇನ್ನೊಂದು ಚೊಂಬು ಹಾಕಿದ್ರು, ಸುಮ್ನೆ ನಿಂತ್ಕೊಂಡು ಎಲ್ಲರ ಮುಖ ನೋಡ್ತು. ಇಂಡಿಯಾದ ಪೇಂಟು, ನೀರು ಒಳಗೆ ಇಳೀತಿಲ್ಲ ಅಂತ ಯಾರೋ ಅಂದಿದ್ದಕ್ಕೆ ಕಿಸಕ್ ಅಂತ ನಗು, ಅಜ್ಜಿ ಮುಖ ಮಾತ್ರ ಗಂಟು. ಮೂರನೇ ಚೊಂಬಿಗೆ ಕೊಡವಿತು, ಆ ಕತಾರ್ ಹುಡುಗ ಉಸಿರು ಬಿಟ್ಟಿದ್ದು ನನಗೆ ಕೇಳ್ತು. ನೋಡೋಕಾಗಲ್ಲ ಅನ್ನೋರು ಆ ಹೊತ್ತಲ್ಲಿ ಗದ್ದೆ ಕಡೆ ವಾಕಿಂಗ್ ಹೋಗಬಹುದು, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ನಾನು ನೋಡಿದೆ, ಮಧ್ಯಾಹ್ನ ಊಟವನ್ನೂ ಮಾಡಿದೆ, ಜೊತೆಗೆ ಸೇಲ್ ರೋಟಿ ಅಂತ ಅಕ್ಕಿ ಹಿಟ್ಟಿನ ಬಳೆ ಥರದ ಸಿಹಿ ತಿಂಡಿ, ಬಿಸಿ ಇದ್ದಾಗ ತಿನ್ನಬೇಕು, ತಣ್ಣಗಾದ್ರೆ ಹಲ್ಲಿಗೆ ಕೆಲಸ.

ಸಂಜೆ ಬಿದಿರಿನ ಉಯ್ಯಾಲೆ. ನಾಲ್ಕು ಬಿದಿರು ಬಗ್ಗಿಸಿ ಮೇಲೆ ಕಟ್ಟಿ ಹುಲ್ಲಿನ ಹಗ್ಗ ಇಳಿಬಿಟ್ಟಿರ್ತಾರೆ, ದಶೈಂನಲ್ಲಿ ಒಂದು ಸಲವಾದ್ರೂ ಕಾಲು ನೆಲ ಬಿಡಬೇಕಂತೆ. ನೆಲದ ಬಗ್ಗೆ ಹಿಂದಿನ ದಿನ ಇದ್ದ ಅಭಿಪ್ರಾಯದಲ್ಲಿ ನಾನು ಖುಷಿಯಿಂದ ಬಿಟ್ಟೆ. ಫ್ರೆಂಡು ಜೋರಾಗಿ ತೂಗಿಸ್ಕೊಂಡು ಕನ್ನಡಕ ಜೋಳದ ಹೊಲಕ್ಕೆ ಹಾರಿಸಿದ, ಹದಿನೈದು ಮಕ್ಕಳು ಟಾರ್ಚ್ ಹಿಡಿದು ಹುಡುಕಿ ಕೊಟ್ರು.

ಅಲ್ಲೇ ಒಬ್ಬರು ಸಿಕ್ಕಿದ್ರು, ನಲವತ್ತೈದರ ಆಸುಪಾಸು, ನಮ್ಮ ಮಾತು ಕೇಳಿಸ್ಕೊಂಡು ಹತ್ರ ಬಂದು ಸ್ಪಷ್ಟ ಕನ್ನಡದಲ್ಲಿ "ಗಾಡಿ ಇಲ್ಲಿ ನಿಲ್ಲಿಸ್ಬೇಡಿ ಸಾರ್" ಅಂದ್ರು. ಮಾರತ್ತಹಳ್ಳಿ ಕಡೆ ಒಂದು ಅಪಾರ್ಟ್‌ಮೆಂಟಲ್ಲಿ ಆರು ವರ್ಷ ಸೆಕ್ಯುರಿಟಿ ಆಗಿದ್ರಂತೆ. ಕೊನೇ ಎರಡು ತಿಂಗಳ ಸಂಬಳ ಅವರ ಏಜೆನ್ಸಿ ಕೊಡಲೇ ಇಲ್ಲ ಅಂತ ನಗ್ತಾನೇ ಹೇಳಿದ್ರು, ನಾವು ನಗಲಿಲ್ಲ. ಬೆಂಗಳೂರಲ್ಲಿ ಯಾವ ದಸರಾಗೂ ರಜೆ ಸಿಗ್ಲಿಲ್ಲವಂತೆ, ಹಬ್ಬದಲ್ಲಿ ಮನೆಯವರೆಲ್ಲ ಊರಿಗೆ ಹೋಗ್ತಾರಲ್ಲ, ಆವಾಗ್ಲೇ ಗೇಟಲ್ಲಿ ಜಾಸ್ತಿ ಡ್ಯೂಟಿ. ಅವರ ಮನೆಗೆ ಕರ್ಕೊಂಡು ಹೋಗಿ ರಾಗಿಯಿಂದಲೇ ಇಳಿಸಿದ ರಕ್ಸಿ ಅನ್ನೋ ಸಾರಾಯಿ ಕೊಟ್ರು. ಕಣ್ಣಲ್ಲಿ ನೀರು ಬರೋಷ್ಟು ಖಡಕ್ಕು, ಅರ್ಧ ಲೋಟಕ್ಕೆ ನಿಲ್ಲಿಸೋದು ಒಳ್ಳೇದು.

ದಶಮಿ

ಟೀಕಾ ಇಡೋ ಮುಹೂರ್ತ ರೇಡಿಯೋದಲ್ಲಿ ಹೇಳ್ತಾರೆ, ಅಲ್ಲಿವರೆಗೂ ನಾವು ಬೆಳಗ್ಗೆನೇ ಎದ್ದು ನೀಲಿ ಪಟ್ಟಿ ಎರಡನೇ ಕೋಟು ಹೊಡೆದು ಮುಗಿಸಿದ್ವಿ. ಇನ್ನೊಂದು ರೂಮು ಹಾಗೇ ಉಳೀತು, ಬಣ್ಣ ಇತ್ತು, ದಿನ ಇರಲಿಲ್ಲ, ಲೆಕ್ಕ ಹಾಕಿದ್ರೆ ನಾವು ಮಾಡಿದ ಕೆಲಸಕ್ಕಿಂತ ನಮಗೆ ಅಡುಗೆ ಮಾಡಿ ಹಾಕಿದವರ ಕೆಲಸವೇ ಜಾಸ್ತಿ.

ಅಕ್ಕಿ, ಮೊಸರು, ಕೆಂಪು ಅಬೀರ್ ಕಲಸಿ ಹಣೆ ತುಂಬ ಮೆತ್ತಿ, ಕಿವಿಗೆ ಜಮರಾ ಸಿಕ್ಕಿಸ್ತಾರೆ, ಘಟಸ್ಥಾಪನೆ ದಿನ ಕತ್ತಲ ಕೋಣೇಲಿ ಬಿತ್ತಿದ ಬಾರ್ಲಿ ಮೊಳಕೆ, ಬಿಸಿಲು ಕಾಣದೆ ಹಳದಿ ಬಣ್ಣ. ಮೇಲಿನ ಓಣಿಯ ಗುರುಂಗ್ ಜನಾಂಗದವರ ಮನೆಗಳಲ್ಲಿ ಬಿಳಿ ಟೀಕಾ, ಬಣ್ಣ ಹಾಕಲ್ಲ. ಹೆಡ್ ಸರ್ ತಾಯಿ ನಮ್ಮನ್ನೂ ಸಾಲಲ್ಲಿ ಕೂರಿಸಿದ್ರು, ಹೆಡ್ ಸರ್ ಪಕ್ಕದಲ್ಲಿ ಮಂತ್ರ ಹೇಳ್ತಿದ್ರು, ಅಶ್ವತ್ಥಾಮನ ಆಯಸ್ಸು, ದಶರಥನ ಸಂಪತ್ತು, ಬಲರಾಮನ ಬಲ, ವಿದುರನ ತಿಳಿವಳಿಕೆ, ಮಾನ ಮಾತ್ರ ದುರ್ಯೋಧನನದ್ದು ಬರಲಿ ಅಂತ. ಇದನ್ನ ಕೇಳಿ ಫ್ರೆಂಡು ನನ್ನ ಕಡೆ ತಿರುಗಿ ನೋಡ್ದಾ, ಟೀಕಾ ಅರ್ಧ ಮೂಗಿಗೆ ಬಿತ್ತು. ಇಬ್ಬರಿಗೂ ಐವತ್ತೈವತ್ತು ರೂಪಾಯಿ ಹೊಸ ನೋಟು ದಕ್ಷಿಣೆ. ಬೇಡ ಅನ್ನೋ ಹಾಗಿಲ್ಲ, ಬೇಡ ಅಂದ್ರೆ ಆಶೀರ್ವಾದ ಬೇಡ ಅಂದ ಹಾಗೆ.

ವಾಪಸ್

ದಶಮಿ ದಿನ, ಮಾರನೇ ದಿನ ಜೀಪು ಸಿಗುತ್ತೆ ಅಂತ ಯಾವ ನಂಬಿಕೇನೂ ಇಟ್ಕೊಳ್ಬೇಡಿ, ಡ್ರೈವರೂ ಯಾವುದೋ ಮಾವನ ಮನೇಲಿ ಟೀಕಾ ಇಡಿಸ್ಕೊಂಡು ಮಲಗಿರ್ತಾನೆ. ಫ್ಲೈಟ್ ಮುಂಚೆ ಎರಡು ದಿನ ಕೈಯಲ್ಲಿಟ್ಕೊಂಡು ಪ್ಲಾನ್ ಮಾಡಿ. ನಾವು ಬಲುವಾ ಅನ್ನೋ ಊರವರೆಗೂ ನಡೆದು, ಅಲ್ಲಿಂದ ಜೋಳದ ಮೂಟೆ ಮೇಲೆ ಕೂತು ಟ್ರ್ಯಾಕ್ಟರಲ್ಲಿ ಗೋರ್ಖಾ ಬಜಾರು ಸೇರ್ಕೊಂಡ್ವಿ, ದಾರೀಲಿ ಸಿಕ್ಕೋರೆಲ್ಲ ಹಣೆ ನೋಡಿ ಯಾರ ಮನೆ ಟೀಕಾ ಅಂತ ಕೇಳೋರು.

ಬೆಂಗಳೂರಿಗೆ ಬಂದು ವಾರ ಕಳೆದಿತ್ತು, ನವೆಂಬರ್ 3ರ ರಾತ್ರಿ ಪಶ್ಚಿಮ ನೇಪಾಳದ ಜಾಜರ್‌ಕೋಟಲ್ಲಿ 6.4ರ ಭೂಕಂಪ, ನೂರೈವತ್ತಕ್ಕೂ ಹೆಚ್ಚು ಜನ ತೀರಿಕೊಂಡ್ರು. ಗೋರ್ಖಾದಿಂದ ದೂರ, ಆದ್ರೂ ಬೆಳಗ್ಗೆ ಫೋನ್ ಮಾಡಿದೆ. ನಮಗೂ ಗೊತ್ತಾಯ್ತು, ಎಲ್ಲರೂ ಹೊರಗೆ ಬಂದಿದ್ವಿ, ನಾಲ್ಕನೇ ಕ್ಲಾಸು ನೋಡ್ಕೊಂಡು ಬಂದೆ ಗೆರೆ ಅಲ್ಲೇ ಇದೆ ಅಂದ್ರು ಹೆಡ್ ಸರ್. ಉಳಿದ ರೂಮಿಗೆ ತಿಹಾರ್, ಅಂದ್ರೆ ಅವರ ದೀಪಾವಳಿ, ರಜೇಲಿ ಹಳೇ ವಿದ್ಯಾರ್ಥಿಗಳೇ ಬಣ್ಣ ಹೊಡೀತಾರಂತೆ, ಮುಂದಿನ ದಶೈಂಗೆ ಟಾಯ್ಲೆಟ್ಟಿನ ಪೈಪ್ ಕೆಲಸ ಇದೆ, ನಿಮ್ಮಲ್ಲಿ ಯಾರಿಗಾದ್ರೂ ಪ್ಲಂಬಿಂಗ್ ಬರುತ್ತಾ ಅಂತ ಕೇಳಿದ್ರು. ನಮ್ಮಿಬ್ಬರಿಗೂ ಬರಲ್ಲ. ಫ್ರೆಂಡು ಮಾತ್ರ ಅವನ ಅಪಾರ್ಟ್‌ಮೆಂಟಿನ ಪ್ಲಂಬರ್ ಹಿಂದೆ ಭಾನುವಾರ ಭಾನುವಾರ ಸ್ಪ್ಯಾನರ್ ಹಿಡ್ಕೊಂಡು ಓಡಾಡ್ತಾ ಇದ್ದಾನೆ.